‘ಕರ್ನಾಟಕ’ ಟೈಪ್ ಆಗುವಾಗ ‘ರ’ ಎಲ್ಲಿಗೆ ಹೋಯಿತು?

‘ಕನ್ನಡ ವೆಬ್‌ಗೆ ಒಗ್ಗಲ್ಲ’ ಅನ್ನುವ ಮಾತನ್ನು ಮುಂಬೈ ಕನ್ನಡಿಗರ ಬಾಯಲ್ಲಿ ಇವತ್ತಿಗೂ ಕೇಳುತ್ತೇನೆ. ಹಾಗಾಗಿ ಸಂಘಗಳ ವೆಬ್‌ಸೈಟಿನಲ್ಲಿ ಕನ್ನಡವನ್ನು ಪೋಸ್ಟರ್ ಮಾಡಿ, ಚಿತ್ರವಾಗಿ ಅಂಟಿಸುವ ರೂಢಿ ಬಂದಿದೆ. ಆ ಬರಹ ಹುಡುಕಿದರೆ ಸುಲಭಕ್ಕೆ ಸಿಗಲ್ಲ. ಫೋನಿನಲ್ಲಿ ಹಿಗ್ಗಿಸಿದರೆ ಮಸುಕಾಗುತ್ತದೆ. ಕಣ್ಣು ಕಾಣದವರಿಗೆ ಪರದೆಯ ಬರಹ ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಅದು ಬರೀ ಒಂದು ಚಿತ್ರ. ಕನ್ನಡ ತೂಕ ಜಾಸ್ತಿ ಅಂತಲೂ ಕೆಲವರು ಹೇಳುತ್ತಾರೆ. ಬರಹವನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು, ನಿಜ. ಆದರೆ ಪುಟ ತುಂಬ ಬರೆದರೂ ಅದು ಒಂದು ಪೋಸ್ಟರಿನಷ್ಟು ಭಾರವಾಗಲ್ಲ.

ಎಡವಟ್ಟು ಆಗುವುದು ಬೇರೆ ಕಡೆ. ಇಲ್ಲಿನ ಒಂದು ಸಂಘದ ಮುಖಪುಟದಲ್ಲಿ ‘ಕರ್ನಾಟಕ ರಾಜ್ಯೋತ್ಸವ’ ಎಂಬ ಶೀರ್ಷಿಕೆ ತಾನಾಗಿ ಟೈಪ್ ಆಗುತ್ತಾ ಬರುತ್ತಿತ್ತು. ನಿಧಾನಕ್ಕೆ ನೋಡಿ. ಮೊದಲು ‘ಕ’. ಆಮೇಲೆ ‘ಕರ’. ಆಮೇಲೆ ‘ಕರ್’. ಮುಂದಿನ ಹೆಜ್ಜೆಗೆ ‘ರ’ ಮಾಯ! ಅದರ ಜಾಗದಲ್ಲಿ ‘ನ’ ಬಂದು ಕೂತಿದೆ, ಪಕ್ಕದಲ್ಲಿ ಅರ್ಕಾವತ್ತು ನೇತಾಡುತ್ತಿದೆ. ದೀರ್ಘ ಬಂದೊಡನೆ ಅರ್ಕಾವತ್ತು ಇನ್ನೊಂದು ಹೆಜ್ಜೆ ಬಲಕ್ಕೆ ಸರಿಯುತ್ತದೆ. ಕೆಳಗೆ ಒಂದೊಂದೇ ಅಕ್ಷರ ಹಾರಿ ಬರುವ ಇನ್ನೊಂದು ಸಾಲು. ಅಲ್ಲಿ ಚುಕ್ಕೆ ಚುಕ್ಕೆಯ ಖಾಲಿ ವೃತ್ತಗಳು, ಅವಕ್ಕೆ ಅನಾಥವಾಗಿ ಅಂಟಿಕೊಂಡ ಕೊಂಬು, ದೀರ್ಘಗಳು. ಈ ಅಲಂಕಾರದ ಕೋಡ್ ಬರೆದವರು ಇಂಗ್ಲಿಷ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟು ಬರೆದಿದ್ದಾರೆ, ಅಷ್ಟೇ.

ಕಂಪ್ಯೂಟರಿನ ಒಳಗೆ ‘ಕರ್ನಾಟಕ’ ಅಂದರೆ 7 ಸಂಕೇತ: ಕ, ರ, ವಿರಾಮ ಚಿಹ್ನೆ (‘ರ’ವನ್ನು ‘ರ್’ ಮಾಡುವ ಗುರುತು), ನ, ದೀರ್ಘ, ಟ, ಕ. ಬಾಯಲ್ಲಿ ಹೇಳುವ ಕ್ರಮವೇ ಅಲ್ಲಿನ ಕ್ರಮ. ಕಣ್ಣಿಗೆ ಕಾಣುವ ಕ್ರಮ ಬೇರೆ. ‘ಸ್ತ್ರೀ’ ನಮಗೆ ಒಂದಕ್ಷರ. ವೆಬ್ ಪುಟಗಳನ್ನು ನಡೆಸುವ ಜಾವಾಸ್ಕ್ರಿಪ್ಟ್‌ಗೆ ಉದ್ದ ಕೇಳಿದರೆ 6 ಅನ್ನುತ್ತದೆ.

ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಮಾಣಿ ‘ಇಡ್ಲಿ, ವಡೆ, ಸಾಂಬಾರ್’ ಅಂತ ಕೂಗುತ್ತಾನಲ್ಲ, ಅದು ಸಂಕೇತಗಳ ಸಾಲು. ವಡೆಯನ್ನು ಸಾಂಬಾರಿನಲ್ಲಿ ಮುಳುಗಿಸಬೇಕೋ, ಬದಿಗೆ ಇಡಬೇಕೋ ಅನ್ನುವುದು ಅಡುಗೆಮನೆಯ ಲೆಕ್ಕ. ಇಲ್ಲಿ ಅಡುಗೆಮನೆ ಅಂದರೆ ಫಾಂಟ್ ಮತ್ತು ಅಕ್ಷರ ಜೋಡಿಸುವ ಎಂಜಿನ್. ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಆ ಕೆಲಸ ಮಾಡುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ಅದು ಸಂಕೇತಗಳನ್ನು ಅಕ್ಷರಗಳ ಗುಂಪು ಮಾಡುತ್ತದೆ, ‘ರ್’ ಗುಂಪಿನ ಮೊದಲಲ್ಲಿದ್ದರೆ ಎತ್ತಿ ಕೊನೆಗೆ ಹಾಕುತ್ತದೆ. ಯಾವ ಗುಂಪಿಗೆ ಯಾವ ಆಕಾರ ಅನ್ನುವುದಕ್ಕೆ ಫಾಂಟಿನಲ್ಲಿ ಒಂದು ಪಟ್ಟಿ, ಒತ್ತು ಎಷ್ಟು ಕೆಳಗೆ ಕೂರಬೇಕು ಅನ್ನುವುದಕ್ಕೆ ಇನ್ನೊಂದು. ಅಕ್ಷರ ಹಾರಿಸುವ ಅಲಂಕಾರ ಮಾಡುವುದೇನು ಗೊತ್ತಾ? ಇಡ್ಲಿಯನ್ನು ಒಂದು ಟೇಬಲ್ಲಿಗೆ, ಸಾಂಬಾರನ್ನು ಇನ್ನೊಂದಕ್ಕೆ ಕಳಿಸುತ್ತದೆ. ಒಂದೊಂದು ಸಂಕೇತವೂ ಬೇರೆ ಪೆಟ್ಟಿಗೆಯಲ್ಲಿದ್ದರೆ ಎಂಜಿನ್ ಜೋಡಿಸುವುದು ಏನನ್ನು?

ಉಚ್ಚಾರದ ಕ್ರಮದಲ್ಲಿ ಉಳಿಸು, ಆಕಾರವನ್ನು ಆಮೇಲೆ ಲೆಕ್ಕ ಹಾಕು ಅನ್ನುವ ಉಪಾಯಕ್ಕೂ ಪುಣೆಗೂ ನಂಟಿದೆ. 1988ರಲ್ಲಿ ಅಲ್ಲಿ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಶುರುವಾದಾಗ ಎಲ್ಲರ ಕಣ್ಣು ‘ಪರಮ್’ ಸೂಪರ್ ಕಂಪ್ಯೂಟರ್ ಮೇಲೆ. ಆದರೆ ಐಐಟಿ ಕಾನ್ಪುರದಲ್ಲಿ ಹುಟ್ಟಿದ ‘ಜಿಸ್ಟ್’ ಎಂಬ ಭಾಷಾ ತಂತ್ರಜ್ಞಾನವೂ ಅದೇ ಸಂಸ್ಥೆಗೆ ಬಂತು. ಅದು ನೆಚ್ಚಿಕೊಂಡ ‘ಇಸ್ಕಿ’ ಸಂಕೇತ 1991ರಲ್ಲಿ ಭಾರತೀಯ ಮಾನಕವಾಯಿತು. ಬ್ರಾಹ್ಮಿಯಿಂದ ಬಂದ ಲಿಪಿಗಳಿಗೆಲ್ಲ ಒಂದೇ ವರ್ಣಮಾಲೆಯ ಚೌಕಟ್ಟು. ಜಗತ್ತಿನ ಲಿಪಿಗಳಿಗೆ ಸಂಕೇತ ಕೊಡುವ ಯೂನಿಕೋಡ್, ಭಾರತೀಯ ಲಿಪಿಗಳನ್ನು ಸೇರಿಸುವಾಗ ಇಸ್ಕಿಯ ಏರ್ಪಾಡನ್ನೇ ತೆಗೆದುಕೊಂಡಿತು. ಇವತ್ತೂ ಕನ್ನಡಕ್ಕೆ 128 ಮನೆ, ಮರಾಠಿ ಬರೆಯುವ ದೇವನಾಗರಿಯ ಮುಖ್ಯ ಪಟ್ಟಿಯಲ್ಲೂ 128. ಎರಡರಲ್ಲೂ ‘ಕ’ ಇರುವುದು 22ನೇ ಮನೆಯಲ್ಲಿ!

ಇಷ್ಟು ಭದ್ರ ಬುನಾದಿಯ ಮೇಲೆ ನಾವು ಕಟ್ಟುತ್ತಿರುವುದು ಏನು? ಕನ್ನಡದ ಒತ್ತು ಕೆಳಗೆ ಇಳಿಯುತ್ತದೆ, ಕೆಲವೊಮ್ಮೆ ಒಂದರ ಕೆಳಗೆ ಇನ್ನೊಂದು. ಇಂಗ್ಲಿಷಿಗೆ ಹೊಂದುವಂತೆ ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.2 ಪಟ್ಟು ಇಟ್ಟು, ಹೊರಚಾಚಿದ್ದನ್ನು ಮರೆಮಾಡು ಅಂದರೆ ‘ಸ್ತ್ರೀ’ಯ ಕಾಲೇ ಕತ್ತರಿಸಿ ಹೋಗುತ್ತದೆ. ನಾನು 1.7ರ ಆಸುಪಾಸು ಇಡುತ್ತೇನೆ. ಬಟನ್‌ಗೆ ಪಿಕ್ಸೆಲ್‌ನಲ್ಲಿ ಅಗಲ ಕೊಡುವುದನ್ನು ಬಿಡಿ, ಸುತ್ತ ಜಾಗ ಕೊಡಿ. ಪದ ಎಷ್ಟು ಉದ್ದವಿದ್ದರೂ ಅದೇ ಹಿಗ್ಗುತ್ತದೆ. ಫಾಂಟಿಗೆ ದೂರ ಹೋಗಬೇಕಾಗಿಲ್ಲ. ಮುಂಬೈಯದ್ದೇ ಆದ ಫಾಂಟ್ ಸಂಸ್ಥೆ ಏಕ್ ಟೈಪ್‌ನವರ ‘ಅನೇಕ್ ಕನ್ನಡ’ದಲ್ಲಿ ದಪ್ಪ, ಅಗಲ ಎರಡನ್ನೂ ಒಂದೇ ಫೈಲಿನಿಂದ ಬೇಕಾದಷ್ಟು ಬದಲಿಸಬಹುದು. ಸಣ್ಣ ಪರದೆಗೆ ಬಂದಾಗ ಅಕ್ಷರದ ಗಾತ್ರ ಇಳಿಸುವ ಬದಲು ಅಗಲವನ್ನಷ್ಟೇ ಕುಗ್ಗಿಸಿ. ವಯಸ್ಸಾದ ಓದುಗರಿಗೆ ಇದು ದೊಡ್ಡ ಉಪಕಾರ.

ಇನ್ನು ಭಾಷೆಯ ಗುರುತು. ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಇರುವ ಮುಂಬೈಯ ಪುಟಗಳಲ್ಲಿ ಎಷ್ಟೋ ಸಲ ಇಡೀ ಪುಟಕ್ಕೆ ‘ಇಂಗ್ಲಿಷ್’ ಅಂತ ಚೀಟಿ ಅಂಟಿಸಿರುತ್ತಾರೆ, ಸುಮ್ನೆ ಟೆಂಪ್ಲೇಟಿನಲ್ಲಿ ಇತ್ತು ಅಂತ. ಸ್ಕ್ರೀನ್ ರೀಡರ್ ಯಾವ ದನಿಯಲ್ಲಿ ಓದಬೇಕು ಅನ್ನುವುದಕ್ಕೆ ಆ ಚೀಟಿಯೇ ಸುಳಿವು. ಪುಟದ ಭಾಷೆ ಹೇಳುವುದು ಅಂಗವಿಕಲರಿಗೂ ವೆಬ್ ಎಟುಕಬೇಕು ಅನ್ನುವ ಡಬ್ಲ್ಯೂಸಿಎಜಿ ನಿಯಮಗಳಲ್ಲಿ ಕನಿಷ್ಠ ಮಟ್ಟದ್ದು. ಭಾಗ ಭಾಗಕ್ಕೆ ಬೇರೆ ಗುರುತು ಕೊಡುವುದು ಅದರ ಮೇಲಿನ ಮಟ್ಟದ್ದು.

ಅಕ್ಷರ ಹಾರಿಸಲೇಬೇಕು ಅನ್ನುವವರಿಗೆ ಈಗ ಬ್ರೌಸರಿನಲ್ಲೇ ಬರಹವನ್ನು ಅಕ್ಷರಗಳಾಗಿ ತುಂಡರಿಸುವ ‘ಸೆಗ್‌ಮೆಂಟರ್’ ಎಂಬ ಸಾಧನ ಇದೆ. ಪೂರ್ತಿ ನಂಬಬೇಡಿ. ಒತ್ತಕ್ಷರವನ್ನು ಒಡೆಯದಿರುವ ನಿಯಮ 2023ರ ಯೂನಿಕೋಡ್ 15.1ರಲ್ಲಿ ಬಂದಾಗ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಸೇರಿದವು, ಕನ್ನಡ ಸೇರಲಿಲ್ಲ. ಆ ನಿಯಮದ ಪ್ರಕಾರ ‘ಸ್ತ್ರೀ’ ಅಂದರೆ ಸ್, ತ್, ರೀ ಎಂಬ ಮೂರು ತುಂಡು. ಪದಗಳನ್ನು ಹಾರಿಸುವುದು ಎಲ್ಲಕ್ಕಿಂತ ಸುಲಭ, ಅಕ್ಷರವೇ ಬೇಕೆಂದರೆ ವಿರಾಮ ಚಿಹ್ನೆಯಲ್ಲಿ ಮುಗಿದ ತುಂಡನ್ನು ಮುಂದಿನ ಅಕ್ಷರಕ್ಕೆ ಅಂಟಿಸಿ. ಮುಂದೆ ಖಾಲಿ ಜಾಗ ಇದ್ದರೆ ಅಂಟಿಸಬೇಡಿ. ‘ಸಾಫ್ಟ್‌ವೇರ್’ನಂಥ ಪದಗಳಿಗೆ ಬೇರೆ ಕೋಡ್ ಬೇಕಾಗಲ್ಲ. ಅಲ್ಲಿ ‘ಟ್’ ಆದ ಮೇಲೆ ಕಣ್ಣಿಗೆ ಕಾಣದ ಒಂದು ತಡೆ ಸಂಕೇತ ಇರುತ್ತದೆ. ತುಂಡು ಮುಗಿಯುವುದು ವಿರಾಮದಲ್ಲಲ್ಲ, ಆ ತಡೆಯಲ್ಲಿ. ಹಾಗಾಗಿ ‘ವೇ’ ತಾನಾಗಿಯೇ ಬೇರೆ ನಿಲ್ಲುತ್ತದೆ.