ಮಂಜು ತಲೆಗೆ ಬಿದ್ದರೆ ಮಕ್ಕಳಿಗೆ ಶೀತವಾಗುವುದಿಲ್ಲವೇ?

ಪ್ರಶ್ನೆ: ಮಗಳಿಗೆ ನಾಲ್ಕು ವರ್ಷ, ಮಗನಿಗೆ ಎರಡು ತುಂಬಿದೆ. ಮಳೆಗಾಲ ಮುಗಿಯುತ್ತಾ ಬಂತು. ಶನಿವಾರ, ಆದಿತ್ಯವಾರ ಬೆಳಗ್ಗೆ ಗುಡ್ಡೆಗೋ ಕಡಲ ಬದಿಗೋ ಕರೆದುಕೊಂಡು ಹೋಗೋಣವೆಂದರೆ ಅತ್ತೆಯವರು ಒಪ್ಪುವುದಿಲ್ಲ. ಮಂಜು ತಲೆಗೆ ಬಿದ್ದರೆ ಶೀತ, ಮಳೆಗೆ ನೆನೆದರೆ ಜ್ವರ ಎನ್ನುತ್ತಾರೆ. ಹೋಗಬಹುದೇ?

ಹೋಗಬಹುದು, ಹೋಗಲೇಬೇಕು. ಪ್ರತಿವರ್ಷ ಸೋಣ ತಿಂಗಳು ಕಳೆದು ನವರಾತ್ರಿ ಹತ್ತಿರವಾಗುವಾಗ ಈ ಪ್ರಶ್ನೆ ಬರುತ್ತದೆ. ಶಾಲೆಯ ಜಗಲಿಯಲ್ಲಿ, ಬಸ್ಸಿನಲ್ಲಿ, ಊಟದ ಪಂಕ್ತಿಯಲ್ಲಿ ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ಈ ಸಲ ಪೂರ್ತಿಯಾಗಿ ಬರೆದುಬಿಡುತ್ತೇನೆ.

ಶೀತ ಬರುವುದು ವೈರಸ್‌ನಿಂದ. ಅದರಲ್ಲಿ ಮುಖ್ಯವಾದ ರೈನೋವೈರಸ್ ಒಂದರಲ್ಲೇ ನೂರಕ್ಕೂ ಹೆಚ್ಚು ಬಗೆಗಳಿವೆ. ಅದು ಬದುಕುವುದು ಮನುಷ್ಯರ ಮೂಗು ಗಂಟಲಿನಲ್ಲಿ. ಹುಲ್ಲಿನ ತುದಿಯ ಮಂಜಿನಲ್ಲಿ ಅದಿಲ್ಲ, ಮಳೆಹನಿಯಲ್ಲಿಯೂ ಇಲ್ಲ. ಶೀತವಾದವರು ಕೆಮ್ಮಿದಾಗ, ಸೀನಿದಾಗ, ಮೂಗು ಒರೆಸಿದ ಕೈಯಲ್ಲಿ ಮಗುವಿನ ಕೆನ್ನೆ ಚಿವುಟಿದಾಗ ಅದು ದಾಟಿ ಬರುತ್ತದೆ.

‘ಆದಿತ್ಯವಾರ ಗುಡ್ಡೆ ಹತ್ತಿದ್ದು, ಸೋಮವಾರ ಬೆಳಗ್ಗೆ ಮೂಗು ಸೋರಿತು, ಇನ್ನೇನು ಸಾಕ್ಷಿ ಬೇಕು?’ ಎಂದು ಕೇಳುವವರಿದ್ದಾರೆ. ಅವರಿಗೆ ನಾನು ಬೆರಳು ಮಡಚಿ ಹಿಂದಕ್ಕೆ ಎಣಿಸಲು ಹೇಳುತ್ತೇನೆ. ವೈರಸ್ ದೇಹವನ್ನು ಹೊಕ್ಕು ಶೀತವಾಗಿ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು. ಸೋಮವಾರ ಬೆಳಗಿನ ಶೀತದ ಮೂಲವನ್ನು ಹುಡುಕಬೇಕಾದದ್ದು ಶುಕ್ರವಾರದ ಅಂಗನವಾಡಿಯಲ್ಲಿ, ಶನಿವಾರದ ಗೃಹಪ್ರವೇಶದ ಜನಜಂಗುಳಿಯಲ್ಲಿ, ಕೆಮ್ಮುವ ದೊಡ್ಡಣ್ಣನ ಜೊತೆ ಕಿಟಕಿ ಮುಚ್ಚಿ ಎಸಿ ಹಾಕಿಕೊಂಡು ಹೋದ ಕಾರಿನಲ್ಲಿ. ಗುಡ್ಡೆಯ ಮೇಲಿದ್ದದ್ದು ನೀವು ಮನೆಯವರು ಮತ್ತು ಕಡಲಿನಿಂದ ಬೀಸಿದ ಗಾಳಿ ಮಾತ್ರ.

ಇನ್ನೊಂದು ಲೆಕ್ಕವನ್ನೂ ನೋಡಿ. ಈ ವಯಸ್ಸಿನ ಆರೋಗ್ಯವಂತ ಮಗುವಿಗೆ ವರ್ಷಕ್ಕೆ ಆರರಿಂದ ಎಂಟು ಸಲ ಶೀತವಾಗುವುದು ಸಹಜ. ಹಾಗಿರುವಾಗ ಯಾವುದಾದರೂ ಒಂದು ತಿರುಗಾಟದ ಬೆನ್ನಿಗೇ ಶೀತ ಬಂದೇ ಬರುತ್ತದೆ. ತಿರುಗಾಟವಿಲ್ಲದ ವಾರದ ಶೀತವನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಹಾಗಾದರೆ ಮಳೆಗಾಲದಲ್ಲೇ ಶೀತ ಜಾಸ್ತಿ ಏಕೆ? ಹಿರಿಯರು ಕಂಡದ್ದು ಸುಳ್ಳಲ್ಲ. ಮಳೆಯೂ ಶೀತವೂ ಜೊತೆಯಾಗಿ ಬರುವುದನ್ನು ಅವರು ವರ್ಷ ವರ್ಷವೂ ನೋಡಿದ್ದಾರೆ. ಕಾರಣ ಮಾತ್ರ ಬೇರೆ. ಮಳೆ ಹೊಯ್ಯುವಾಗ ಎಲ್ಲರೂ ಬಾಗಿಲು ಕಿಟಕಿ ಮುಚ್ಚಿ ಒಳಗೆ ಒತ್ತೊತ್ತಾಗಿ ಕೂರುತ್ತೇವೆ. ಒಬ್ಬರು ಸೀನಿದ್ದನ್ನು ಉಳಿದವರು ಉಸಿರಾಡುತ್ತೇವೆ. ಮಕ್ಕಳನ್ನು ಹೊರಗೆ ಕರೆದೊಯ್ದಷ್ಟೂ ಈ ಹಂಚಿಕೆ ಕಡಿಮೆಯಾಗುತ್ತದೆ.

ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ ನೆಗಡಿಯ ಅಧ್ಯಯನಕ್ಕೆಂದೇ 1946ರಲ್ಲಿ ಒಂದು ಕೇಂದ್ರ ಆರಂಭವಾಗಿ ನಾಲ್ಕು ದಶಕಕ್ಕೂ ಹೆಚ್ಚು ಕಾಲ ನಡೆಯಿತು. ಅಲ್ಲಿ ತಾವಾಗಿ ಮುಂದೆ ಬಂದವರನ್ನು ಬಿಸಿನೀರಿನ ಸ್ನಾನದ ನಂತರ ಒದ್ದೆ ಮೈಯಲ್ಲೇ ಗಾಳಿ ಬೀಸುವ ಓಣಿಯಲ್ಲಿ ನಿಲ್ಲಿಸಿದರು, ಒದ್ದೆ ಕಾಲುಚೀಲ ಹಾಕಿಸಿದರು. ಬರೀ ಚಳಿ ತಗುಲಿದ್ದರಿಂದ ಅವರಿಗೆ ನೆಗಡಿಯಾಗಲಿಲ್ಲ. ಮೈ ತೀರಾ ತಣ್ಣಗಾದರೆ ಮೂಗಿನ ರಕ್ಷಣಾಶಕ್ತಿ ಸ್ವಲ್ಪ ತಗ್ಗಬಹುದೆಂದು ಹೇಳುವ ಅಧ್ಯಯನಗಳೂ ಇವೆ, ಅದನ್ನು ಮುಚ್ಚಿಡುವುದಿಲ್ಲ. ಆದರೂ ವೈರಸ್ ಒಳಗಿಲ್ಲದೆ ಶೀತವಿಲ್ಲ. ಅಷ್ಟಕ್ಕೂ ಕಾಸರಗೋಡಿನ ಅಕ್ಟೋಬರ್ ಮುಂಜಾವು ಎಂದರೆ ಸುಮಾರು 23–24 ಡಿಗ್ರಿ. ಫಿನ್‌ಲೆಂಡಿನಲ್ಲಿ ಹಿಮ ಬೀಳುವ ಕಾಲದಲ್ಲೂ ಹಸುಗೂಸುಗಳನ್ನು ಬೆಚ್ಚಗೆ ಹೊದಿಸಿ ಮನೆಯ ಹೊರಗೆ ತಳ್ಳುಗಾಡಿಯಲ್ಲಿ ಮಲಗಿಸುವ ವಾಡಿಕೆಯಿದೆ. ನಮ್ಮವರು ಇಲ್ಲಿ ಉಣ್ಣೆಯ ಟೊಪ್ಪಿ ಹಾಕಿ, ಮೇಲೆ ಬೈರಾಸು ಸುತ್ತಿ, ಬೆವರಿನಿಂದಲೇ ಮಗುವನ್ನು ಒದ್ದೆ ಮಾಡುತ್ತಾರೆ. ತೆಳ್ಳನೆಯ ಹತ್ತಿ ಬಟ್ಟೆ, ಬಿಸಿಲಿಗೊಂದು ಟೊಪ್ಪಿ, ಚೀಲದಲ್ಲಿ ಇನ್ನೊಂದು ಜೊತೆ ಒಣ ಬಟ್ಟೆ ಇದ್ದರೆ ಧಾರಾಳವಾಯಿತು.

ಇಷ್ಟು ಹಟ ಹಿಡಿದು ಬರೆಯುವುದಕ್ಕೆ ಕಾರಣವಿದೆ. ‘ನೆನೆದ ಜ್ವರ’ ಎಂಬ ಈ ನಂಬಿಕೆ ನಿಜವಾದ ಕಾಯಿಲೆಯನ್ನು ಮರೆಸುತ್ತದೆ. ಮಳೆಗಾಲದಲ್ಲೂ ಅದರ ನಂತರವೂ ನಮ್ಮ ಕಡೆ ಇಲಿಜ್ವರ, ಡೆಂಗಿ ಎರಡೂ ಇವೆ. ಇಲಿಜ್ವರದ ರೋಗಾಣು ಇಲಿ, ದನ, ನಾಯಿಗಳ ಮೂತ್ರ ಸೇರಿದ ಕೆಸರುನೀರಿನಿಂದ, ಚರ್ಮದ ಗಾಯದ ಮೂಲಕ ಒಳಹೋಗುತ್ತದೆ. ಜ್ವರ ಏಳುವುದು ಹೆಚ್ಚಾಗಿ ಒಂದೆರಡು ವಾರ ಕಳೆದ ಮೇಲೆ. ಅಷ್ಟರಲ್ಲಿ ಕೆಸರು ತುಳಿದದ್ದು ಎಲ್ಲರಿಗೂ ಮರೆತಿರುತ್ತದೆ, ನಿನ್ನೆ ಮಳೆಗೆ ನೆನೆದದ್ದು ಮಾತ್ರ ನೆನಪಿರುತ್ತದೆ. ಕಷಾಯ ಕುಡಿಸಿ ಎರಡು ದಿನ ನೋಡೋಣ ಎನ್ನುತ್ತಾರೆ. ಜ್ವರದ ಜೊತೆ ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಕಾಯಬೇಡಿ. ವೈದ್ಯರ ಬಳಿಗೆ ಹೋಗಿ, ಮಗು ಎಲ್ಲಿ ಆಡಿತ್ತೆಂದು ತಪ್ಪದೆ ಹೇಳಿ. ಕಾಲಿನಲ್ಲಿ ಗಾಯವಿದ್ದ ದಿನ ಕೆಸರಿನ ಆಟ ಬೇಡ. ಹರಿಯದೆ ನಿಂತ ಕೆರೆಯ ನೀರಿನಲ್ಲಿ ಮುಳುಗಿಸುವುದೂ ಬೇಡ. ಅಮೀಬಾ ಮೂಗಿನ ಮೂಲಕ ಮಿದುಳಿಗೆ ಹೋಗುವ ಕಾಯಿಲೆಯ ಬಗ್ಗೆ ಕೇರಳದ ಆರೋಗ್ಯ ಇಲಾಖೆ ಎಚ್ಚರಿಸುತ್ತಲೇ ಇದೆ. ಕೆಂಪುಕಲ್ಲು ಕಡಿದು ಬಿಟ್ಟ ಕೋರೆಗಳಲ್ಲಿ ಈಗ ನೀರು ತುಂಬಿರುತ್ತದೆ, ಗೋಡೆ ನೆಟ್ಟಗೆ ಇಳಿದಿರುತ್ತದೆ. ಅಂಥ ಹೊಂಡ ಕಂಡಲ್ಲಿ ಮಗುವಿನ ಕೈ ಬಿಡಲೇಬಾರದು.

ಅತ್ತೆಯವರು ಹೆದರಬೇಕಾದದ್ದು ಇನ್ನೊಂದಿದೆ: ಸಿಡಿಲು. ತುಲಾ ತಿಂಗಳ (ಅಕ್ಟೋಬರ್–ನವೆಂಬರ್) ಮಳೆ ಬೆಳಗ್ಗೆ ಸುಳಿವು ಕೊಡದೆ ಮಧ್ಯಾಹ್ನದ ಮೇಲೆ ಗುಡುಗು ಮಿಂಚಿನೊಂದಿಗೆ ಬರುತ್ತದೆ. ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗೆ ಎಚ್ಚರವಿರಲಿ ಎಂದು ಕೇರಳ ರಾಜ್ಯದ ವಿಪತ್ತು ನಿರ್ವಹಣಾ ಪ್ರಾಧಿಕಾರ ಹೇಳುವುದು ಇದಕ್ಕೇ. ಧರ್ಮತ್ತಡ್ಕದ ಹತ್ತಿರದ ಪೊಸಡಿಗುಂಪೆಯ ನೆತ್ತಿಯಲ್ಲಿ ಬರಿಯ ಹುಲ್ಲು. ಬೇಕಲ ಕೋಟೆಯ ಬುರುಜೂ ಬಯಲೇ. ಇಂಥ ಕಡೆಗೆ ಬೆಳಗ್ಗೆ ಆರೂವರೆಗೆ ಹೊರಟು ಹತ್ತೂವರೆಗೆ ಇಳಿದುಬಿಡಿ. ಗುಡುಗು ಕೇಳಿಸಿತೆಂದರೆ ಸಿಡಿಲು ತಲುಪುವಷ್ಟು ಹತ್ತಿರದಲ್ಲಿದ್ದೀರಿ ಎಂದರ್ಥ. ಮರದಡಿಗೆ ಓಡದೆ ಕಟ್ಟಡಕ್ಕೋ ಮುಚ್ಚಿದ ಕಾರಿಗೋ ಸೇರಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ. ನೋಡಿ, ಮಂಜಿಗೆ ಹೆದರಿ ಬೆಳಗಿನ ಹೊತ್ತನ್ನು ಕಳೆದು ಸಂಜೆ ನಾಲ್ಕಕ್ಕೆ ಗುಡ್ಡೆಗೆ ಹೊರಡುವವರು ಅಪಾಯದ ಹೊತ್ತಿಗೇ ಮಕ್ಕಳನ್ನು ಒಯ್ಯುತ್ತಾರೆ.

ಅಲ್ಲಿ ಹೋಗಿ ಏನು ಮಾಡುವುದು? ದೂರ ನಡೆಸಬೇಡಿ, ಎರಡು ವರ್ಷದ ಮಗು ಹತ್ತು ಹೆಜ್ಜೆಗೊಮ್ಮೆ ಕೂರುತ್ತದೆ, ನೀವೂ ಕುಳಿತುಕೊಳ್ಳಿ. ನೀರು ಇನ್ನೂ ಜಿನುಗುವ ಕೆಂಪುಕಲ್ಲಿನ ಪಾರೆಯಲ್ಲಿ ಕಡ್ಡಿಯಷ್ಟು ಸಪೂರ ದಂಟಿನ ತುದಿಯಲ್ಲಿ ನೀಲಿ ನೇರಳೆ ಹೂಗಳು ಗುಂಪಾಗಿ ನಿಂತಿರುತ್ತವೆ. ಓಣಂ ಹೊತ್ತಿಗೆ ಮಕ್ಕಳು ಕೊಯ್ಯುವ ಕಾಕ್ಕಪ್ಪೂವು ಇದೇ. ಯೂಟ್ರಿಕ್ಯುಲೇರಿಯಾ ಜಾತಿಯದು. ಮಗುವನ್ನು ಹೊಟ್ಟೆಯ ಮೇಲೆ ಮಲಗಿಸಿ ಹತ್ತಿರದಿಂದ ತೋರಿಸಿ. ಒದ್ದೆ ಮಣ್ಣಿನೊಳಗೆ ಇದಕ್ಕೆ ಸಾಸಿವೆಗಿಂತಲೂ ಚಿಕ್ಕ ಚೀಲಗಳಿವೆ. ಹತ್ತಿರ ಸುಳಿದ ಸೂಕ್ಷ್ಮ ಜೀವಿಯನ್ನು ಅವು ನೀರಿನ ಸಮೇತ ಒಳಗೆಳೆದು ಜೀರ್ಣಿಸಿಕೊಳ್ಳುತ್ತವೆ. ಈ ಪಾರೆಯಲ್ಲಿ ಮಣ್ಣಿನ ಸತ್ವ ಕಡಿಮೆ, ಅದಕ್ಕೇ ಗಿಡ ಬೇಟೆಗೆ ಇಳಿದಿದೆ. ನಾಲ್ಕು ವರ್ಷದ ಮಗುವಿಗೂ ಇದು ಅರ್ಥವಾಗುತ್ತದೆ. ನನ್ನ ತರಗತಿಯ ಮಕ್ಕಳು ಇದನ್ನು ಮನೆಗೆ ಹೋಗಿ ಅಪ್ಪ ಅಮ್ಮಂದಿರಿಗೆ ಪಾಠ ಮಾಡುತ್ತಾರೆಂಬುದು ನನಗೆ ಹೆಮ್ಮೆ.

ಯಾರೂ ಕೇಳದಿದ್ದರೂ ಏರೋಪ್ಲೇನ್ ಚಿಟ್ಟೆಯ ವಿಷಯವನ್ನು ಹೇಳಿಯೇ ಬಿಡುತ್ತೇನೆ. ಈ ದಿನಗಳಲ್ಲಿ ಬಯಲಿನ ಮೇಲೆ ಗುಂಪಾಗಿ ಹಾರುವ ಹೊಂಬಣ್ಣದವು ಹೆಚ್ಚಾಗಿ ಪ್ಯಾಂಟಾಲಾ ಫ್ಲಾವೆಸೆನ್ಸ್ ಎಂಬ ಜಾತಿಯವು. ಮಳೆಯ ತಾತ್ಕಾಲಿಕ ಹೊಂಡಗಳಲ್ಲಿ ಮೊಟ್ಟೆಯಿಟ್ಟು ಬೆಳೆಯುತ್ತವೆ. ಇವು ಅಕ್ಟೋಬರಿನಲ್ಲಿ ದೊಡ್ಡ ಸಂಖ್ಯೆಯಲ್ಲಿ ಮಾಲ್ದೀವ್ಸ್ ತಲುಪುವುದನ್ನು ಗಮನಿಸಿದ ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್, ಅವು ಭಾರತದ ಕಡೆಯಿಂದ ಹೊರಟು ಗಾಳಿಯ ನೆರವಿನಿಂದ ಪೂರ್ವ ಆಫ್ರಿಕಾದವರೆಗೆ ಹಿಂದೂ ಮಹಾಸಾಗರವನ್ನು ದಾಟುತ್ತವೆ ಎಂದು 2009ರಲ್ಲಿ ಪ್ರಕಟಿಸಿದರು. ದೊಡ್ಡ ಮಕ್ಕಳಿಗೆ ಭೂಪಟ ಬಿಡಿಸಿ ದಾರಿ ತೋರಿಸಿ, ಚಿಕ್ಕವರಿಗೆ ಕಡಲು ದಾಟಿ ಹೋಗುತ್ತದೆ ಎಂದರೆ ಸಾಕು. ಹಿಡಿದು ಬಾಲಕ್ಕೆ ನೂಲು ಕಟ್ಟುವ ಆಟವನ್ನು ಮಾತ್ರ ಯಾರೂ ಕಲಿಸಬೇಡಿ.