ಕಿಂಡಿಯಿಂದ ಬರುವವರು ಯಾರು?

ಚಿತ್ರದುರ್ಗದ ಏಳು ಸುತ್ತಿನ ಕೋಟೆಯಲ್ಲಿ ಓಬವ್ವನ ಕಿಂಡಿಯ ಮುಂದೆ ನಿಂತಾಗಲೆಲ್ಲ ನನ್ನನ್ನು ಕಾಡುವುದು ಒನಕೆಯಲ್ಲ, ಕಥೆಯ ಇನ್ನೊಂದು ವಿವರ. ಹೆಂಗಸೊಬ್ಬಳು ಆ ಸಂದಿಯಲ್ಲಿ ಹಾದುಬರುವುದನ್ನು ಕಂಡೇ ಹೈದರಾಲಿಯ ಸೈನಿಕರು ಕೋಟೆಗೆ ದಾರಿ ಕಂಡುಕೊಂಡರಂತೆ. ಮೊಸರಿನವಳು ಬರುವ ಕಿಂಡಿಯಲ್ಲೇ ಶತ್ರುವೂ ಬರಬಲ್ಲ. ಓಬವ್ವನಿಗೆ ಅಂದು ಸಂದೇಹಕ್ಕೆ ಎಡೆಯಿರಲಿಲ್ಲ. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಯೋಧನಿಗಾದರೋ ತಪಾಸಣಾ ಠಾಣೆಯಲ್ಲಿ ಸಂದೇಹವನ್ನು ನಿಭಾಯಿಸುವುದೇ ಕೆಲಸ.

ಪ್ರಾಣಭಯ ಎದುರಾದಾಗ ಅಡ್ರಿನಲಿನ್ ಏರಿ ಎದೆಬಡಿತ ಹೆಚ್ಚುತ್ತದೆ. ಸಾವಧಾನವಾಗಿ ತೂಗಿನೋಡುವ ಮಿದುಳಿನ ಮುಂಭಾಗದ ಹಿಡಿತ ಸಡಿಲಗೊಂಡು, ನೂರಾರು ಬಾರಿ ಮಾಡಿ ರೂಢಿಯಾದ ಕ್ರಿಯೆಯೇ ಮುನ್ನುಗ್ಗುತ್ತದೆ. ಯುದ್ಧದ ಕವಾಯತು ನೆಚ್ಚಿಕೊಂಡಿರುವುದು ಇದನ್ನೇ. ತೊಡಕೂ ಇಲ್ಲೇ ಇದೆ. ವರ್ಷಗಟ್ಟಲೆ ಗೇರ್ ಬೈಕ್ ಓಡಿಸಿದವನು ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಮೊದಲ ಸಲ ಗೇರಿಲ್ಲದ ಸ್ಕೂಟರ್ ಹತ್ತಿದರೆ, ಕ್ಲಚ್ ಎಂದುಕೊಂಡು ಎಡಗೈಯಲ್ಲಿ ಹಿಂದಿನ ಬ್ರೇಕ್ ಅದುಮಿ ಮುಗ್ಗರಿಸುತ್ತಾನೆ. ಅವನಿಗೆ ತಿಳಿವಳಿಕೆ ಇಲ್ಲವೆಂದಲ್ಲ, ಕೈಗೆ ಅದು ಇನ್ನೂ ತಿಳಿದಿಲ್ಲ. ಎರಡು ಕೆಲಸಗಳನ್ನು ಅದಲುಬದಲು ಮಾಡುವಾಗ ಜನರು ನಿಧಾನವಾಗುತ್ತಾರೆ, ಹೆಚ್ಚು ತಪ್ಪುತ್ತಾರೆ; ಬದಲಾವಣೆಯನ್ನು ಮುಂಚೆಯೇ ತಿಳಿಸಿದರೂ ಈ ನಷ್ಟ ತಗ್ಗುತ್ತದೆಯೇ ಹೊರತು ಪೂರ್ತಿ ಇಲ್ಲವಾಗುವುದಿಲ್ಲ ಎಂಬುದನ್ನು ಮನೋವಿಜ್ಞಾನದ ಪ್ರಯೋಗಗಳು ಮತ್ತೆ ಮತ್ತೆ ತೋರಿಸಿವೆ.

ಆದ್ದರಿಂದ ಯುದ್ಧಕ್ಕೊಂದು, ಶಾಂತಿಗೊಂದು ಎಂದು ಬೇರೆ ಬೇರೆ ಪಾಠ ಹೇಳಿದರೆ ಸಾಲದು. ಒಂದರಿಂದ ಇನ್ನೊಂದಕ್ಕೆ ಹೊರಳುವುದನ್ನೇ ಕಲಿಸಬೇಕು. ಅದೇ ಠಾಣೆ, ಅದೇ ವಾಹನ. ಒಮ್ಮೆ ಒಳಗೆ ಬಂದೂಕು, ಇನ್ನೊಮ್ಮೆ ಜ್ವರದ ಮಗುವನ್ನು ಹೊತ್ತ ತಾಯಿ. ಗುಂಡು ಹಾರಿಸದೆ ಉಳಿದದ್ದಕ್ಕೂ ಹಾರಿಸಿದ್ದಕ್ಕೆ ಸಿಗುವಷ್ಟೇ ಅಂಕ ಸಿಗಬೇಕು. ಸಮ್ಮತಿ, ನಿಷ್ಪಕ್ಷಪಾತ, ಆತ್ಮರಕ್ಷಣೆಗೂ ವಹಿಸಿದ ಹೊಣೆಯ ರಕ್ಷಣೆಗೂ ಮಾತ್ರ ಬಲಪ್ರಯೋಗ ಎಂಬ ಶಾಂತಿಪಾಲನೆಯ ಮೂರು ಸೂತ್ರಗಳು ಕಾಗದದಿಂದ ಕೈಗಿಳಿಯುವುದು ಇಂಥ ಅಭ್ಯಾಸದಲ್ಲಿ. ಶಾಂತಿಪಾಲಕರ ತರಬೇತಿಗೆಂದೇ ದೆಹಲಿಯಲ್ಲಿ 2000ದಿಂದ ಒಂದು ಕೇಂದ್ರವಿದೆ.

ಹೊರಳುವಿಕೆ ಒಮ್ಮುಖವೂ ಅಲ್ಲ. 1961ರ ಡಿಸೆಂಬರ್‌ನಲ್ಲಿ ಕಾಂಗೋದಲ್ಲಿ ವಿಶ್ವಸಂಸ್ಥೆಯ ಪಡೆಯಲ್ಲಿದ್ದ ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ, ರಸ್ತೆತಡೆಯನ್ನು ತೆರವುಗೊಳಿಸುವ ಕಾರ್ಯಾಚರಣೆಯಲ್ಲಿ ತಮಗಿಂತ ಬಹಳ ದೊಡ್ಡ ಗುಂಪಿನ ಮೇಲೆ ಎರಗಿ ಮಡಿದರು. ಶಾಂತಿಪಾಲನೆಯಲ್ಲಿದ್ದು ಪರಮವೀರ ಚಕ್ರ ಪಡೆದವರು ಅವರೊಬ್ಬರೇ. ಇಂಥ ಕಾಳಗದಿಂದ ಬದುಕಿ ಮರಳಿದ ತುಕಡಿಯನ್ನು ಅದೇ ಸಂಜೆ ಸಂತೆಯ ದಾರಿಯ ಠಾಣೆಗೆ ಹಚ್ಚುವುದು ನನ್ನ ದೃಷ್ಟಿಯಲ್ಲಿ ಅಧಿಕಾರಿಯ ತಪ್ಪು, ಜವಾನರದಲ್ಲ: ಅವರ ಎದೆಬಡಿತ ಇಳಿದಿರಬಹುದು, ಕೈ ಇನ್ನೂ ಹೊರಳಿರುವುದಿಲ್ಲ.