ಕುಂಬಳಕಾಯಿಗೆ ಕಣ್ಣು ಕೊರೆಯುವ ಮುನ್ನ

ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಗಳು ಹೋದ ಅಕ್ಟೋಬರ್‌ನಲ್ಲಿ ಒಂದು ಫೋಟೋ ಕಳಿಸಿದಳು. ಮನೆ ಮೆಟ್ಟಿಲ ಮೇಲೆ ದೊಡ್ಡದೊಂದು ಸಿಹಿಗುಂಬಳ. ತ್ರಿಕೋನದ ಕಣ್ಣು, ಬಾಯಿ ತುಂಬ ಹಲ್ಲು. ಎಣಿಸಿದೆ, 22 ಇದ್ದವು. "ಮಾಮ, ಮೂರು ಗಂಟೆ ಕೂತು ಕೊರೆದೆ. ಹೆದರಿಸ್ತಾನೇ ಇಲ್ಲ, ಪೆದ್ದುಪೆದ್ದಾಗಿ ನಗ್ತಿದೆ" ಅಂತ ಗೋಳು. ಕತ್ತಲಾದ ಮೇಲೆ ಒಳಗೆ ದೀಪ ಇಟ್ಟು ಇನ್ನೊಂದು ಫೋಟೋ ತೆಗಿ ಅಂದೆ.

ತೆಗೆದಳು. ಅದೇ ಕಾಯಿ, ಅದೇ ಹಲ್ಲು. ಈ ಸಲ ನನಗೆ ನಗು ಬರಲಿಲ್ಲ.

ಅಕ್ಟೋಬರ್ 31ರ ರಾತ್ರಿ ಅಲ್ಲಿ ಹ್ಯಾಲೋವೀನ್, ದೆವ್ವಗಳ ವೇಷದ ಹಬ್ಬ. ಅದಕ್ಕೆಂದು ಕೊರೆಯುವ ಕುಂಬಳಕಾಯಿಯಲ್ಲಿ ನನಗೆ ಇಷ್ಟವಾದ ಸಂಗತಿ ಇದೇ. ಅದಕ್ಕೆ ಎರಡು ಮುಖ. ಹಗಲಿನದು ಜೋಕರ್, ರಾತ್ರಿಯದು ದೆವ್ವ. ಚಾಕು ಮಾಡುವ ಕೆಲಸ ಎರಡಕ್ಕೂ ಒಂದೇ. ಹಾಗಾದರೆ ಹೆದರಿಕೆ ಎಲ್ಲಿಂದ ಬಂತು?

ಅದಕ್ಕೆ ಮೊದಲು ಒಂದು ಮಾತು. "ಎರಡು ಸಾವಿರ ವರ್ಷದಿಂದ ಕೆಲ್ಟ್ ಜನ (ಐರ್ಲೆಂಡ್ ಕಡೆಯ ಪ್ರಾಚೀನರು) ಕುಂಬಳಕಾಯಿ ಕೊರೆಯುತ್ತಿದ್ದರು" ಅಂತ ಪ್ರತಿ ವರ್ಷ ಯಾರಾದರೂ ಬರೆಯುತ್ತಾರೆ. ಸುಮ್ನೆ ಯೋಚಿಸಿ. ಸಿಹಿಗುಂಬಳ ಅಮೆರಿಕ ಖಂಡದ ಬೆಳೆ. ಮೆಕ್ಸಿಕೋದ ಓಹಾಕಾ ಪ್ರಾಂತ್ಯದ ಒಂದು ಗುಹೆಯಲ್ಲಿ ಸಿಕ್ಕ ಬೀಜಗಳಿಗೆ ಸುಮಾರು 10,000 ವರ್ಷ ವಯಸ್ಸು. ಕೊಲಂಬಸ್‌ಗಿಂತ ಮೊದಲು ಯುರೋಪಿನ ಯಾರೂ ಅದನ್ನು ಕಂಡವರಲ್ಲ. ನಮ್ಮ ಮಲೆನಾಡಿನ ಕಡೆ ಇದನ್ನು ಚೀನಿಕಾಯಿ ಅಂತಾರೆ, ಅದಕ್ಕೂ ಚೀನಾ ತವರಲ್ಲ! ಐರ್ಲೆಂಡಿನವರು ಕೊರೆಯುತ್ತಿದ್ದದ್ದು ಟರ್ನಿಪ್. ನವಿಲುಕೋಸಿನ ನೆಂಟ, ಗಾತ್ರವೂ ಹೆಚ್ಚುಕಡಿಮೆ ಅಷ್ಟೇ. ಅಲ್ಲಿನ ಮೇಯೋ ಕೌಂಟಿಯ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಡೊನೆಗಾಲ್ ಕಡೆಯ ಅಂಥದ್ದೊಂದು ಟರ್ನಿಪ್ಪಿನ ಪ್ಲಾಸ್ಟರ್ ಅಚ್ಚು ಇದೆ. ಸುಕ್ಕುಗಟ್ಟಿದ ಹಣೆ, ಗುಳಿಬಿದ್ದ ಕಣ್ಣು, ಅಲ್ಲೊಂದು ಇಲ್ಲೊಂದು ಹಲ್ಲು. ಇವತ್ತಿನ ಯಾವ ಕುಂಬಳಕಾಯಿಯೂ ಅದರ ಮುಂದೆ ನಿಲ್ಲಲ್ಲ. 1845ರ ಆಲೂಗಡ್ಡೆ ಬರಗಾಲದ ನಂತರ ಐರಿಶ್ ಜನ ಗುಂಪುಗುಂಪಾಗಿ ಅಮೆರಿಕಕ್ಕೆ ಹೋದರು. ಟರ್ನಿಪ್ ಕೊರೆಯುವುದೆಂದರೆ ಕಲ್ಲು ಕೊರೆದ ಹಾಗೆ. ಅಲ್ಲಿ ನೋಡಿದರೆ ಒಳಗೆ ಅರ್ಧ ಟೊಳ್ಳೇ ಇರುವ ದೊಡ್ಡ ಕಾಯಿ ಬಿದ್ದಿತ್ತು. ಯಾರು ಬಿಡ್ತಾರೆ?

ಕೊರೆದು ದೀಪ ಇಟ್ಟ ಕಾಯಿಗೆ ಇಂಗ್ಲಿಷಿನಲ್ಲಿ ಜಾಕ್-ಓ-ಲ್ಯಾಂಟರ್ನ್ ಅಂತಾರೆ. ಆ ಹೆಸರೂ ಮೊದಲಿಗೆ ಕಾಯಿಯದ್ದಲ್ಲ. ರಾತ್ರಿ ಜವುಗು ನೆಲದ ಮೇಲೆ ಕಂಡು ಮಾಯವಾಗುವ ಬೆಳಕಿಗೆ ಇಂಗ್ಲೆಂಡಿನ ಹಳ್ಳಿಗರು ಹಾಗೆ ಕರೆಯುತ್ತಿದ್ದರು. ನಮ್ಮಜ್ಜಿಯ ಬಾಯಲ್ಲಾದರೆ ಕೊಳ್ಳಿದೆವ್ವ.

ಈಗ ಹೆದರಿಕೆಗೆ ಬರೋಣ. ಎದುರು ಕೂತವರ ಮುಖ ನೋಡಿ. ಕಣ್ಣಿನ ಜಾಗ ಹಣೆಗಿಂತ, ಕೆನ್ನೆಗಿಂತ ಒಂಚೂರು ಕಪ್ಪು. ಹುಬ್ಬು, ರೆಪ್ಪೆ, ಪಾಪೆ, ಗುಳಿಯ ನೆರಳು ಎಲ್ಲ ಸೇರಿ ಹಾಗಾಗುತ್ತದೆ. ಬಿಳಿಚರ್ಮವಿರಲಿ, ಕಪ್ಪುಚರ್ಮವಿರಲಿ, ಬಿಸಿಲಿರಲಿ, ಟ್ಯೂಬ್‌ಲೈಟ್ ಇರಲಿ, ಈ ಲೆಕ್ಕ ತಪ್ಪುವುದು ಅಪರೂಪ. 2001ರಲ್ಲಿ ಪಾಲ್ ವಿಯೋಲಾ ಮತ್ತು ಮೈಕೆಲ್ ಜೋನ್ಸ್ ಎಂಬ ಸಂಶೋಧಕರು ಕಂಪ್ಯೂಟರಿಗೆ ಮುಖ ಹುಡುಕಲು ಕಲಿಸಿದಾಗ ಅದು ಮೊದಲು ಆರಿಸಿಕೊಂಡ ಗುರುತೇ ಇದು: ಮೇಲೆ ಕಪ್ಪು ಪಟ್ಟಿ, ಕೆಳಗೆ ಬೆಳ್ಳನೆ ಪಟ್ಟಿ. ಡಿಜಿಟಲ್ ಕ್ಯಾಮೆರಾಗಳಲ್ಲಿ ಮುಖದ ಸುತ್ತ ಚೌಕ ಮೂಡತೊಡಗಿದ್ದು ಇಂಥ ಲೆಕ್ಕಗಳಿಂದ.

ನಮ್ಮ ಮಿದುಳಿಗೂ ಇದರ ಮೇಲೆ ಬಹಳ ನಂಬಿಕೆ. ಹಳೆಯ ರೀಲು ಕ್ಯಾಮೆರಾದ ನೆಗೆಟಿವ್ ನೆನಪಿದೆಯಾ? ನಿಮ್ಮದೇ ಮದುವೆಯ ನೆಗೆಟಿವನ್ನು ಕಿಟಕಿಗೆ ಹಿಡಿದರೂ ಅತ್ತೆ ಯಾರು, ಚಿಕ್ಕಮ್ಮ ಯಾರು ಅಂತ ಗೊತ್ತಾಗುವುದಿಲ್ಲ. ಗೆರೆಗಳೆಲ್ಲ ಅಲ್ಲಲ್ಲೇ ಇವೆ, ಕಪ್ಪು-ಬಿಳುಪು ಮಾತ್ರ ಅದಲುಬದಲು. 2009ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪವನ್ ಸಿನ್ಹಾ ಮತ್ತು ಸಂಗಡಿಗರು ಒಂದು ಚಂದದ ಪ್ರಯೋಗ ಮಾಡಿದರು. ನೆಗೆಟಿವ್ ಮುಖದಲ್ಲಿ ಕಣ್ಣಿನ ಪಟ್ಟಿಯೊಂದನ್ನು ಮಾತ್ರ ತಿರುಗಿಸಿ ಸರಿಯಾದ ಕಪ್ಪು-ಬಿಳುಪು ಕೊಟ್ಟರು. ಉಳಿದದ್ದೆಲ್ಲ ನೆಗೆಟಿವ್ ಆಗಿಯೇ ಇತ್ತು. ಜನ ಥಟ್ಟನೆ ಗುರುತು ಹಿಡಿದರು.

ಕುಂಬಳಕಾಯಿ ಮಾಡುವುದು ಇದರ ತಿರುಗಾಮುರುಗಾ. ಹಗಲಲ್ಲಿ ಸಿಪ್ಪೆಗೆ ಬೆಳಕು, ಕೊರೆದ ತೂತಿಗೆ ಕತ್ತಲೆ. ಅಂದರೆ ಕಣ್ಣು ಕಪ್ಪು, ಕೆನ್ನೆ ಬೆಳಕು. ಲೆಕ್ಕ ಸರಿ ಇದೆ, ಆದ್ದರಿಂದ ಗೊಂಬೆ. ಸಂಜೆ ಒಳಗೆ ದೀಪ ಇಡಿ. ಕಣ್ಣು ಉರಿಯುತ್ತದೆ, ಕೆನ್ನೆ ಮಾಯ. ನಡೆದಾಡುವ ನೆಗೆಟಿವ್! "ಇದು ಮುಖ" ಅಂತ ಮಿದುಳಿನ ಒಂದು ಭಾಗ ಕೂಗುತ್ತದೆ. "ಇಂಥ ಮುಖ ಲೋಕದಲ್ಲಿಲ್ಲ" ಅಂತ ಇನ್ನೊಂದು. ಕತ್ತಲಲ್ಲಿ ಮೆಟ್ಟಿಲಿಳಿಯುವಾಗ ಇನ್ನೊಂದು ಮೆಟ್ಟಿಲಿದೆ ಅಂತ ಕಾಲಿಟ್ಟು ಧಡ್ ಅಂತ ನೆಲ ಸಿಕ್ಕರೆ ಎದೆ ಝಲ್ಲೆನ್ನುತ್ತದಲ್ಲ, ಹಾಗೆ. ಪಕ್ಕದ ಕೋಣೆಯಿಂದ ಅಮ್ಮನ ದನಿ ಬರುತ್ತಿದೆ, ಮಾತಾಡುತ್ತಿರುವ ಭಾಷೆ ಮಾತ್ರ ಯಾವುದೋ, ಅಂದ ಹಾಗೆ. ಹೆದರಿಕೆ ಹುಟ್ಟುವುದು ಈ ಜಗಳದಲ್ಲೇ ಅಂತ ನನ್ನ ವಾದ.

ಇದಕ್ಕೆ ಇನ್ನೊಂದು ಪುರಾವೆಯನ್ನು ನೀವೇ ನೋಡಬಹುದು. ಪಳಗಿದವರು ತೂತು ಕೊರೆಯದೆ ಸಿಪ್ಪೆ ಹೆರೆದು, ತಿರುಳನ್ನು ಅಲ್ಲಲ್ಲಿ ತೆಳುಮಾಡಿ ಚಿತ್ರ ಮೂಡಿಸುತ್ತಾರೆ. ತಿರುಳು ದಪ್ಪ ಇದ್ದಲ್ಲಿ ಕತ್ತಲೆ, ತೆಳುವಾದಲ್ಲಿ ಕಿತ್ತಳೆ ಬೆಳಕು. ಕೆನ್ನೆಯನ್ನು ತೆಳುವಾಗಿಸಿ ಕಣ್ಣನ್ನು ದಪ್ಪ ಬಿಟ್ಟರೆ ನೆಂಟರ ಮುಖವನ್ನೂ ಮೂಡಿಸಬಹುದು. ಅದ್ಭುತ ಕೆಲಸ, ಒಪ್ಪಿದೆ. ಹೆದರಿಕೆ ಮಾತ್ರ ಸೊನ್ನೆ.

ದೀಪ ಕೆಳಗಿರುವುದೂ ಕೆಲಸ ಮಾಡುತ್ತದೆ. ಬೆಳಕು ಮೇಲಿನಿಂದ ಬರುತ್ತದೆ ಅಂತ ಮಿದುಳು ಕೇಳದೆಯೇ ಒಪ್ಪಿಕೊಂಡುಬಿಟ್ಟಿದೆ. ಮಿದುಳಿನ ವಿಜ್ಞಾನಿ ವಿ. ಎಸ್. ರಾಮಚಂದ್ರನ್ 1988ರಲ್ಲಿ ಇದನ್ನು ಬರಿಯ ನೆರಳು-ಬೆಳಕಿನ ವೃತ್ತಗಳ ಚಿತ್ರ ಬರೆದು ತೋರಿಸಿದ್ದರು. ಕರೆಂಟು ಹೋದಾಗ ಗದ್ದದ ಕೆಳಗೆ ಟಾರ್ಚ್ ಹಿಡಿದು ತಂಗಿಯನ್ನು ಅಳಿಸಿದ ಪ್ರತಿಯೊಬ್ಬ ಅಣ್ಣನಿಗೂ ಇದು ಗೊತ್ತು.

ಹಾಗಾಗಿ ಅಕ್ಕನ ಮಗಳಿಗೆ ಕೊಟ್ಟ ಸಲಹೆ ಚಿಕ್ಕದು. ಹಲ್ಲು ಐದಾರು ಸಾಕು, ಒಂದರ ಹಾಗೆ ಇನ್ನೊಂದು ಬೇಡ. ಕಣ್ಣನ್ನು ದೊಡ್ಡದಾಗಿ, ದುಂಡಗೆ ಕೊರೆದು ನಡುವೆ ಸಣ್ಣ ಪಾಪೆಯನ್ನು ಒಂದು ಎಳೆ ತಿರುಳಿಗೆ ಅಂಟಿದ ಹಾಗೆ ಬಿಡು. ಹೆದರಿದವರ ಕಣ್ಣು ಅರಳಿ ಬಿಳಿಭಾಗ ಜಾಸ್ತಿ ಕಾಣುತ್ತದೆ. ಪಾಲ್ ವೇಲನ್ ಎಂಬ ಮನೋವಿಜ್ಞಾನಿಯ ತಂಡ 2004ರಲ್ಲಿ ಬರೀ ಆ ಬಿಳಿಯನ್ನು 17 ಮಿಲಿಸೆಕೆಂಡು ಮಿಂಚಿಸಿತು. ನೋಡಿದವರಿಗೆ ನೋಡಿದ್ದೇ ಅರಿವಾಗಲಿಲ್ಲ, ಮಿದುಳಿನಲ್ಲಿ ಭಯದ ಸುಳಿವು ಹಿಡಿಯುವ ಅಮಿಗ್ಡಲ ಮಾತ್ರ ಎಚ್ಚೆತ್ತಿತ್ತು.

ನಮ್ಮೂರಲ್ಲಿ ಕಟ್ಟುತ್ತಿರುವ ಮನೆಗೆ ನೇತುಹಾಕುವ ದೃಷ್ಟಿ ಬೂದುಗುಂಬಳದ ಮೇಲೂ ಇದೇ ಕಣ್ಣು. ಅಗಲವಾದ ಬಿಳಿ, ನಡುವೆ ಕರಿ ಚುಕ್ಕೆ. ಬಣ್ಣ ಹಚ್ಚುವವನಿಗೆ ಅಮಿಗ್ಡಲ ಗೊತ್ತಿಲ್ಲ, ಕೈಗೆ ಗೊತ್ತು. ಶಕ್ತಿ ಇರುವುದು ನೋಡುವವರ ತಲೆಯಲ್ಲಿ, ಕಾಯಿಯಲ್ಲಲ್ಲ. ಅದನ್ನು ಆಯುಧಪೂಜೆಯ ದಿನ ನಡುರಸ್ತೆಯಲ್ಲಿ ಒಡೆದು ಬೈಕಿನವರನ್ನು ಜಾರಿಸಿ ಬೀಳಿಸುವುದರಿಂದ ಯಾರ ದೃಷ್ಟಿಯೂ ಹೋಗುವುದಿಲ್ಲ.

ಆ ಬೂದುಗುಂಬಳ ಮಾತ್ರ ತಿಂಗಳುಗಟ್ಟಲೆ ಕೊಳೆಯುವುದಿಲ್ಲ. ಕುಂಬಳಕಾಯಿ ಕಳ್ಳ ಅಂದಾಗ ಒಬ್ಬ ಹೆಗಲು ಮುಟ್ಟಿ ನೋಡಿಕೊಂಡನಲ್ಲ, ಅವನ ಹೆಗಲಿಗೆ ಹತ್ತಿದ್ದ ಬೂದಿ ನಿಜವಾಗಿ ಮೇಣ. ನೀರು ಹೊರಹೋಗದಂತೆ, ಬೂಷ್ಟು ಒಳಬರದಂತೆ ಕಾಯುತ್ತದೆ. ಸಿಹಿಗುಂಬಳದ ಗಟ್ಟಿ ಸಿಪ್ಪೆಯ ಕೆಲಸವೂ ಅದೇ. ಅದಕ್ಕೆ ಕಣ್ಣು ಕೊರೆದ ಕ್ಷಣದಿಂದ ಲೆಕ್ಕ ಶುರು. ತಿರುಳಿನಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರು. ಅದು ಆರುತ್ತ ಹೋದಂತೆ ತೆಳು ಹಲ್ಲುಗಳು ಒಳಗೆ ಸುರುಟಿಕೊಳ್ಳುತ್ತವೆ. ಮೇಣದ ಬತ್ತಿ ಇಟ್ಟರೆ ಮುಚ್ಚಳದ ಒಳಭಾಗ ಬೆಂದೂ ಹೋಗುತ್ತದೆ, ಅದಕ್ಕೇ ಎಲ್‌ಇಡಿ ವಾಸಿ. ಕೊರೆದ ಅಂಚಿಗೆ ವ್ಯಾಸಲೀನ್ ಸವರಿದರೆ ಆರುವುದು ನಿಧಾನವಾಗುತ್ತದೆ. ನನ್ನನ್ನು ಕೇಳಿದರೆ ಸವರಲೇಬೇಡಿ. ನಾಲ್ಕೈದು ದಿನ ಮೊದಲೇ ಕೊರೆದಿಡಿ. ಅಕ್ಟೋಬರ್ 31ರ ಹೊತ್ತಿಗೆ ಅದು ತಾನಾಗಿಯೇ ಬೊಚ್ಚುಬಾಯಿ ಮುದುಕನಾಗುತ್ತದೆ, ಆ ಐರಿಶ್ ಟರ್ನಿಪ್ಪಿನ ಹಾಗೆ.

ಎರಡನೇ ಕಾಯಿ ಕೊರೆದ ದಿನ ಅವಳು ಎರಡು ಫೋಟೋ ಕಳಿಸಿದಳು, ಎರಡೂ ಕ್ಯಾಮೆರಾ ತೆರೆದಿದ್ದ ಫೋನಿನ ಸ್ಕ್ರೀನ್‌ಶಾಟ್‌ಗಳು. ಮಧ್ಯಾಹ್ನದ್ದರಲ್ಲಿ ಫೋನು ಕುಂಬಳಕಾಯಿಯ ಸುತ್ತ ಹಳದಿ ಚೌಕ ಹಾಕಿತ್ತು. ರಾತ್ರಿಯದರಲ್ಲಿ ಚೌಕ ಇರಲಿಲ್ಲ. ಅಕ್ಕನಿಗೆ ಇದ್ಯಾವುದೂ ಮುಖ್ಯವಲ್ಲ. "ಅಷ್ಟೊಂದು ತಿರುಳು ಕೆರೆದು ಹಾಕಿದ್ದಾಳೆ, ಹುಳಿ ಮಾಡಬಹುದೇನೋ?" ಅಂತ ಕೇಳಿದಳು. ಆಗಬಹುದು. ಆದರೆ ಕೊರೆಯಲೆಂದೇ ಬೆಳೆಸುವ ತಳಿ ಅದು, ನಾರು ಜಾಸ್ತಿ, ರುಚಿ ಸಪ್ಪೆ. ಬೀಜ ಹುರಿದುಕೊಳ್ಳಿ ಅಂದೆ.